ಪೆಟೂನಿಯಾ ಬೆಳೆದ ಮರಿಗೆ

ಬುಧವಾರ ಬೆಳಗ್ಗೆ ವೆರ್ನಾ ಕೊಸ್ಟಿನಿಯುಕ್ ಮ್ಯೂಸಿಯಮ್ಮಿನ ನೆಲದ ಮೇಲೆ ಅಂಗಾತ ಮಲಗಿ, ಎರಡು ಮರದ ಕಾಲುಗಳ ಮೇಲೆ ಕೂರಿಸಿದ್ದ ಹಿಟ್ಟು ನಾದುವ ಮರಿಗೆಯ ತಳಕ್ಕೆ ಅಗಸೆ ಎಣ್ಣೆ ಹಚ್ಚುತ್ತಿದ್ದಳು. ಮರಿಗೆ ಒಬ್ಬಳೇ ಎತ್ತುವಷ್ಟು ಹಗುರ ಇರಲಿಲ್ಲ. ಅದರ ಮೇಲ್ಭಾಗಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಸಿಗುತ್ತಿತ್ತು. ತಳವನ್ನು ನೋಡುವವರು ಯಾರೂ ಇಲ್ಲವಾದ್ದರಿಂದ ಅದಕ್ಕೆ ಆ ಭಾಗ್ಯ ಬಂದಿರಲಿಲ್ಲ. ಈ ಸಲ ಭಾನುವಾರ ತೆಕ್ಲಾ ಬಾಬಾ, ಅಂದರೆ ತೆಕ್ಲಾ ಅಜ್ಜಿ, ಬರುವವರಿದ್ದರು. ಮನೆಗೆ ನೆಂಟರು ಬರುತ್ತಾರೆಂದರೆ ಮಂಚದ ಕೆಳಗೂ ಗುಡಿಸುವ ಜಾತಿ ವೆರ್ನಾಳದು.

ಎಣ್ಣೆ ಬಟ್ಟೆ ಒಂದು ಮೂಲೆಗೆ ಹೋದಾಗ ಧೂಳಿನ ಕೆಳಗಿಂದ ಕೆಂಪು ಬಣ್ಣದ ಗುರುತು ಕಾಣಿಸಿತು. ವೆರ್ನಾಳ ಎದೆ ಹಿಗ್ಗಿತು. ನೂರು ವರ್ಷದ ಹಿಂದೆ ಉಕ್ರೇನಿನ ಹಳ್ಳಿಯ ಯಾರೋ ಬಡಗಿ ಬರೆದ ಗುರುತು, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದು, ತನ್ನ ಕಣ್ಣಿಗೆ ಬಿದ್ದಿದೆ. ಮಲಗಿದಲ್ಲೇ ಅವಳು ಭಾನುವಾರ ಹೇಳಬೇಕಾದ ಮಾತು ಜೋಡಿಸಿಕೊಂಡಳು: "ಈ ಕೆಂಪು ಏನು ಅಂತ ಗೊತ್ತಾ? ಹಳೆ ದೇಶದಲ್ಲಿ ಯಾವುದೋ ಬೇರು ಅರೆದು ಮಾಡ್ತಿದ್ದ ಬಣ್ಣ." ಯಾವ ಬೇರು ಎಂಬುದನ್ನು ಆಮೇಲೆ ವಿಚಾರಿಸಿದರಾಯಿತು ಎಂದುಕೊಂಡು ಕನ್ನಡಕ ಹಾಕಿಕೊಂಡಳು.

ಅದು ಉಗುರಿಗೆ ಹಚ್ಚುವ ಬಣ್ಣ. ತಂಗಿಯ ಮದುವೆಗೆಂದು ಕೊಂಡ ಸೀಸೆಯದು. ಬರೆದದ್ದು ಅವಳದೇ ಹೆಸರಿನ ಎರಡು ಮೊದಲಕ್ಷರ. ಎರಡನೆಯದರ ಕಾಲು ಸೊಟ್ಟಗಿತ್ತು. ಆ ಸೊಟ್ಟ ಕಾಲನ್ನು ಅವಳು ತನ್ನ ಚೆಕ್ಕಿನ ಮೇಲೂ ಎಳೆಯುತ್ತಿದ್ದಳು.

ವೆರ್ನಾ ಎದ್ದು ಕೂತಳು. ಎದ್ದ ರಭಸಕ್ಕೆ ಹಣೆ ಮರಿಗೆಗೆ ಬಡಿಯಿತು. ಗಟ್ಟಿ ಮರ. ಒಳ್ಳೆ ಕೆಲಸ ಅನ್ನುವುದರಲ್ಲಿ ಸಂಶಯವಿರಲಿಲ್ಲ.

ಉಕ್ರೇನಿನಿಂದ ಬಂದವರು ನೆಲೆಸಿದ ವೆರ್ಬಾ ಊರಿನಲ್ಲಿ ಹೆಂಗಸರಿಗಿಂತ ಅವರ ಪಾತ್ರೆಗಳು ಹೆಚ್ಚು ತಿರುಗುತ್ತವೆ. ಮದುವೆಗೆ, ತಿಥಿಗೆ, ಚರ್ಚಿನ ಹಬ್ಬಕ್ಕೆ ಅಂತ ಸಭಾಂಗಣದ ಅಡುಗೆಮನೆಗೆ ಹೋದ ಪಾತ್ರೆ ಸರಿಯಾದ ಮನೆಗೆ ವಾಪಸು ಬರಬೇಕಾದರೆ ತಳದಲ್ಲಿ ಹೆಸರಿರಬೇಕು. ಉಕ್ಕಿಗೂ ಗಾಜಿಗೂ ಅಂಟುಪಟ್ಟಿ ಸಾಕು. ಒದ್ದೆಯಾಗುವ ಮರಕ್ಕೆ ಅದು ನಿಲ್ಲುವುದಿಲ್ಲ, ಉಗುರು ಬಣ್ಣ ನಿಲ್ಲುತ್ತದೆ. ಈ ಉಪಾಯವನ್ನು ಊರಿಗೆ ಕಲಿಸಿದವಳು ತಾನೇ ಎಂದು ವೆರ್ನಾ ಆಗಾಗ ಹೇಳಿಕೊಳ್ಳುತ್ತಿದ್ದಳು. ಈಗ ನೋಡಿದರೆ ಬಣ್ಣ ತನ್ನ ಕೆಲಸ ಮಾಡಿತ್ತು. ತಳ ನೋಡುವ ಕೆಲಸ ಮಾತ್ರ ಯಾರೂ ಮಾಡಿರಲಿಲ್ಲ.

ಮ್ಯೂಸಿಯಂ ಇರುವುದು ಹಳೆಯ ರೈಲು ನಿಲ್ದಾಣದಲ್ಲಿ. ಸಸ್ಕಾಚೆವಾನಿನ ಈ ಬಯಲಿಗೆ ರೈಲು ಬರುವುದು ನಿಂತ ಮೇಲೆ ಊರಿನವರು ಕಟ್ಟಡಕ್ಕೆ ಸುಣ್ಣ ಬಳಿದು, ಮನೆಮನೆಯ ಅಟ್ಟದಲ್ಲಿದ್ದದ್ದನ್ನೆಲ್ಲ ತಂದು ತುಂಬಿದರು. ಕೊಟ್ಟದ್ದನ್ನು ಬೇಡ ಅನ್ನುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಬೇಡ ಅಂದರೆ ಮುಂದಿನ ಚಳಿಗಾಲದಲ್ಲಿ ಕಾರು ಹಿಮದಲ್ಲಿ ಸಿಕ್ಕಿಕೊಂಡಾಗ ಎಳೆಯುವವರು ಯಾರು? ಹಾಗಾಗಿ ಹಾಲಿನಿಂದ ಕೆನೆ ತೆಗೆಯುವ ಯಂತ್ರಗಳೇ ಒಂದು ಕೋಣೆ ತುಂಬ ಇವೆ. ಮೂಗು ಮುರಿದ ಬೊಂಬೆಯೊಂದು ಕಸೂತಿಯ ಅಂಗಿ ತೊಟ್ಟು ಟಿಕೆಟ್ ಕಿಟಕಿಯಲ್ಲಿ ನಿಂತಿದೆ. ಇವೆಲ್ಲದರ ನಡುವೆ ಮರ್ಯಾದೆಯ ಜಾಗ ಮರಿಗೆಯದು. ಪಕ್ಕದಲ್ಲಿ ಎಮಿಲ್ ದುಡಾರ್ ಸುಂದರವಾದ ಅಕ್ಷರದಲ್ಲಿ ಬರೆದ ಕಾರ್ಡು: ರೊಮಾನ್ಯುಕ್ ಕುಟುಂಬದ ಮರಿಗೆ, ಊರಿನ ಮೊದಲ ಒಕ್ಕಲು ಹಡಗಿನಲ್ಲಿ ತಂದದ್ದು. ಎಮಿಲ್ ಊರಿನ ಶಾಲೆಯ ನಿವೃತ್ತ ಹೆಡ್‌ಮಾಸ್ಟರ್, ಮ್ಯೂಸಿಯಂ ಸಮಿತಿಯ ಅಧ್ಯಕ್ಷ.

ಅದೇ ಶಾಲೆಯ ಬಸ್ಸನ್ನು ವೆರ್ನಾ ಮೂವತ್ತು ವರ್ಷ ಓಡಿಸಿದ್ದಳು. ಹಿಂದಿನ ಸೀಟಿನ ಹುಡುಗರಿಗೆ ಕನ್ನಡಿಯಲ್ಲೇ ಗದರಿ ಬೆಳೆದ ಗಂಟಲು. ನಿವೃತ್ತಳಾದ ಮೇಲೆ ಆ ಗಂಟಲು ಹಾಳಾಗಬಾರದೆಂದು ಸಮಿತಿ ಅವಳನ್ನು ಬಂದವರಿಗೆ ವಿವರಿಸುವ ಕೆಲಸಕ್ಕೆ ಹಾಕಿತು. ಅವಳ ಮಾತಿನಲ್ಲಿ ಎಲ್ಲರಿಗೂ ಇಷ್ಟವಾಗುತ್ತಿದ್ದದ್ದು ಮರಿಗೆಯ ಭಾಗ. ಅಂಚಿನ ಮೇಲೆ ಕೈಯಿಟ್ಟು ಅವಳು ಹೇಳುತ್ತಿದ್ದಳು: "ನೋಡಿ, ಒಂದೇ ದಿಮ್ಮಿ. ಅಂಚು ಎಷ್ಟು ಸಮ ಇದೆ ನೋಡಿ. ಇಂಥ ಕೈ ಆ ಕಾಲದವರಿಗೇ ಮುಗೀತು. ನಮ್ಮ ಮಾವನೂ ಒಂದು ಮರಿಗೆ ಮಾಡಿದ್ರು. ಹಂದಿ ಕೂಡ ಅದಕ್ಕೆ ಮೂತಿ ಇಡ್ತಿರಲಿಲ್ಲ."

ಜನ ನಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಇಷ್ಟು ವರ್ಷ, ಇಷ್ಟು ಜನರ ಮುಂದೆ, ಹಿತ್ತಲ ಗಿಡವನ್ನೇ ಕೈಯಲ್ಲಿ ಹಿಡಿದು ಪಾಲಿಸಿದವರು ಇನ್ನೊಬ್ಬರಿರಲಾರರು. ಅವಳು ಹೊಗಳಿದ್ದು ಮಾವನ ಮರಿಗೆಯನ್ನೇ. ಬೈದದ್ದೂ ಅವರನ್ನೇ.

ಹಾಗಾದರೆ ರೊಮಾನ್ಯುಕ್‌ರ ಮರಿಗೆ ಎಲ್ಲಿ? ವೆರ್ನಾ ಕೇಳಿಕೊಳ್ಳಬೇಕಾಗಿರಲಿಲ್ಲ. ಇವತ್ತು ಬೆಳಗ್ಗೆ ತಾನೇ ಅದಕ್ಕೆ ನೀರು ಹಾಕಿ ಬಂದಿದ್ದಳು.

ಅದಲುಬದಲಾದದ್ದು ಚರ್ಚು ಮುಚ್ಚಿದ ವರ್ಷ. ಕೊನೆಯ ಹಬ್ಬದ ಊಟ ಮುಗಿಸಿ ಹೆಂಗಸರು ಅಡುಗೆಮನೆ ಖಾಲಿ ಮಾಡುತ್ತಿದ್ದರು. ಅಲ್ಲಿ ಎರಡು ಮರಿಗೆ ಇದ್ದವು. ಒಂದು ರೊಮಾನ್ಯುಕ್‌ರದು, ತೆಕ್ಲಾ ಬಾಬಾರ ತಾಯಿ ಈಸ್ಟರ್ ಬ್ರೆಡ್ಡಿಗೆಂದು ಎಂದೋ ಚರ್ಚಿಗೆ ಕೊಟ್ಟದ್ದು, ಮ್ಯೂಸಿಯಮ್ಮಿಗೆ ಹೋಗಬೇಕಾದದ್ದು. ಇನ್ನೊಂದು ಮಾವ ಮಾಡಿದ್ದು, ಆ ದಿನಕ್ಕೆ ವೆರ್ನಾ ತಂದದ್ದು. ಎರಡರ ಮೇಲೂ ಒದ್ದೆ ಟವೆಲುಗಳ ಗುಡ್ಡೆ. ಒಂದು ನೇರವಾಗಿ, ಚಂದವಾಗಿತ್ತು. ಇನ್ನೊಂದು ಬಿರುಕು ಬಿಟ್ಟಿತ್ತು.

ವೆರ್ಬಾದ ಹೆಂಗಸರ ನಡತೆ ಒಂದಿದೆ. ಕಡುಬಿನಂಥ ಪಿರೋಗಿ ಬೇಯಿಸುವಾಗ ಒಡೆದದ್ದು ತನ್ನ ತಟ್ಟೆಗೆ, ಸೀದದ್ದು ತನ್ನ ತಟ್ಟೆಗೆ, ಇಡಿಯಾದದ್ದು ಎದುರಿನವರಿಗೆ. ಇದು ತ್ಯಾಗವೇನಲ್ಲ. ಒಳ್ಳೆಯದಕ್ಕೆ ಕೈ ಹಾಕಿದಳು ಅಂತ ಯಾರೂ ಅನ್ನಬಾರದು ಅಷ್ಟೆ. ಆವತ್ತೂ ವೆರ್ನಾಳ ಕೈ ತಾನಾಗಿ ಬಿರುಕಿನ ಮರಿಗೆಗೆ ಹೋಯಿತು. ತಮ್ಮ ಮನೆಯದು ಎಂದಮೇಲೆ ಕೆಟ್ಟದ್ದೇ ಇರಬೇಕು. ಟವೆಲು ತೆಗೆದು ತಳ ನೋಡುವ ಯೋಚನೆ ಕೂಡ ಬರಲಿಲ್ಲ.

ಮನೆಗೆ ತಂದಾಗ ಗಂಡ ನೆಸ್ಟರ್ ಹೇಳಿದ್ದ: "ನಮ್ಮಪ್ಪಂದು ಒಡೆದಿರಲಿಲ್ವಲ್ಲ."

"ನಿಮ್ಮಪ್ಪ ಮಾಡಿದ್ದು ಒಡೀದೆ ಇನ್ನೇನಾಗತ್ತೆ," ಅಂದಿದ್ದಳು ವೆರ್ನಾ.

ಮಾತು ಅಲ್ಲಿಗೆ ಮುಗಿದಿತ್ತು. ಮುಂದಿನ ವಸಂತದಲ್ಲಿ ನೆಸ್ಟರ್ ತಳದಲ್ಲಿ ನಾಲ್ಕು ತೂತು ಕೊರೆದು ಅಂಗಳದಲ್ಲಿಟ್ಟುಕೊಟ್ಟ. ವೆರ್ನಾ ಮಣ್ಣು ತುಂಬಿ ಪೆಟೂನಿಯಾ ನೆಟ್ಟಳು.

ಬುಧವಾರ ಅವಳು ಮನೆಗೆ ಬಂದಾಗ ಪೆಟೂನಿಯಾಗಳು ನೇರಳೆ, ಬಿಳಿ ಬಣ್ಣದಲ್ಲಿ ಮರಿಗೆಯ ಅಂಚು ಮೀರಿ ಸುರಿಯುತ್ತಿದ್ದವು. ನೆಸ್ಟರ್ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವಳು ನಡೆದದ್ದನ್ನು ಹೇಳಿದಳು. ಅವನು ಲೋಟ ಕೆಳಗಿಟ್ಟು ಹೂಗಳ ಕಡೆ ತಿರುಗಿದ.

"ಹಾಗಾದ್ರೆ ಆ ಸಮ ಅಂಚು ನಮ್ಮಪ್ಪಂದು."

"ನಿಮ್ಮಪ್ಪಂದೇ."

"ಒಂದೇ ದಿಮ್ಮಿ."

"ಆಯ್ತು ಅಂದ್ನಲ್ಲ."

"ಇಂಥ ಕೈ ಆ ಕಾಲದವರಿಗೇ ಮುಗೀತು ಅಂತ ನೀನು ಹೇಳೋವಾಗ ನಾನೂ ಒಂದ್ಸಲ ಹಿಂದೆ ನಿಂತು ಕೇಳ್ಬೇಕಿತ್ತು," ಅಂದ ನೆಸ್ಟರ್. "ಹಂದಿ ವಿಷಯ ಬರೋ ಮುಂಚೆ ಹೊರಗೆ ಹೋಗ್ತಿದ್ದೆ."

"ಸಾಕು, ಹೊಟ್ಟೆ ತುಂಬ್ತಾ? ಭಾನುವಾರ ಏನು ಮಾಡೋದು ಹೇಳು."

ಭಾನುವಾರದ್ದೇ ಕಷ್ಟ. ತೆಕ್ಲಾ ಬಾಬಾಗೆ ತೊಂಬತ್ತೈದು. ರೊಮಾನ್ಯುಕ್‌ರ ಕೊನೆಯ ಮಗಳು, ಊರಿಗೆಲ್ಲ ಅಜ್ಜಿ. ಈಗ ನಗರದ ವೃದ್ಧಾಶ್ರಮದಲ್ಲಿ ಇರುತ್ತಾರೆ. ಕಣ್ಣು ಮಂಜಾಗಿದೆ, ಕಾಲು ನಿಂತಿದೆ. ಮೊಮ್ಮಗಳು ಲರಿಸ್ಸಾ ಫೋನಿನಲ್ಲಿ ಹೇಳಿದ್ದಳು: ಬಾಬಾ ಕೇಳಿದ್ದು ಒಂದೇ, ಅಮ್ಮನ ಮರಿಗೆಯಲ್ಲಿ ಒಂದು ಸಲ ಬ್ರೆಡ್ಡಿಗೆ ಹಿಟ್ಟು ನಾದಬೇಕು. ಇನ್ನೊಂದು ಬೇಸಿಗೆ ಸಿಗುತ್ತದೋ ಇಲ್ಲವೋ.

"ಸುಮ್ನಿರು," ಅಂದ ನೆಸ್ಟರ್. "ಗೊತ್ತಿರೋದು ನಿಂಗೆ, ನಂಗೆ, ದೇವರಿಗೆ. ಮೂರು ಜನಾನೂ ಬಾಯಿ ಮುಚ್ಕೊಂಡಿದ್ರಾಯ್ತು."

"ದೇವರು ಮುಚ್ಕೋತಾನೆ. ನೀನೂ ಮುಚ್ಕೋತೀಯ. ನನ್ನ ಬಾಯಿ ಯಾವತ್ತು ಮುಚ್ಚಿತ್ತು ಹೇಳು."

ಆದರೂ ಪ್ರಯತ್ನ ಮಾಡಿ ನೋಡೋಣ ಅನ್ನಿಸಿತು. ಗುರುವಾರ ಮ್ಯೂಸಿಯಮ್ಮಿಗೆ ದೂರದ ಗಂಡ ಹೆಂಡತಿ ಬಂದರು. ವೆರ್ನಾ ಎಂದಿನಂತೆ ಶುರು ಮಾಡಿದಳು. ಮರಿಗೆಯ ಹತ್ತಿರ ಬಂದಾಗ ಕೈ ಅಂಚಿನ ಮೇಲೆ ಹೋಯಿತು, ಬಾಯಿ ತೆರೆಯಿತು, ಮಾತು ಹೊರಡಲಿಲ್ಲ.

"ಇದು ಮರಿಗೆ," ಅಂದಳು.

"ತುಂಬ ಹಳೇದಾ?" ಹೆಂಡತಿ ಕೇಳಿದಳು.

"ನನಗಿಂತ ಹಳೇದು," ಎಂದು ವೆರ್ನಾ ಅವರನ್ನು ಕೆನೆ ಯಂತ್ರಗಳ ಕೋಣೆಗೆ ಕರೆದುಕೊಂಡು ಹೋದಳು. ಯಾರೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲದ ಆ ಕೋಣೆಯಲ್ಲಿ ಅವರು ಸಿಕ್ಕಿಬಿದ್ದರು. ಪ್ರತಿ ಯಂತ್ರದ ಹಿಡಿ, ತಟ್ಟೆ, ಅದನ್ನು ತೊಳೆಯುವುದಕ್ಕೆ ಅತ್ತ ಮಕ್ಕಳು, ಎಲ್ಲ ಹೇಳಿದಳು. ಹೊರಡುವಾಗ ಗಂಡನ ಮುಖದಲ್ಲಿ ಬಿಡುಗಡೆಯಾದ ಕೈದಿಯ ಕಳೆ ಇತ್ತು. ಸುಳ್ಳು ಹೇಳದೆ ಇರುವುದು ಬಂದವರಿಗೆ ಇಷ್ಟು ದುಬಾರಿ ಎಂದು ವೆರ್ನಾಗೆ ಗೊತ್ತಿರಲಿಲ್ಲ.

ಸುಳ್ಳು ಹೇಳಲೂ ಆಗದು ಎಂದು ಗೊತ್ತಾಯಿತು. ಶುಕ್ರವಾರ ಅವಳು ಪೆಟೂನಿಯಾಗಳನ್ನು ಬೇರುಸಹಿತ ಕಿತ್ತು ಟ್ರ್ಯಾಕ್ಟರಿನ ಹಳೆ ಟೈರಿನೊಳಗೆ ನೆಟ್ಟಳು. ಮರಿಗೆಯನ್ನು ಕುದಿನೀರು, ಉಪ್ಪು ಹಾಕಿ ಉಜ್ಜಿದಳು. ಬಿರುಕಿನಲ್ಲಿ ಸೇರಿದ್ದ ಮಣ್ಣನ್ನು ಹೆಣೆಯುವ ಕಡ್ಡಿಯಿಂದ ತೆಗೆದಳು. ನೆಸ್ಟರ್ ಪಾಪ್ಲರ್ ಮರದ ನಾಲ್ಕು ಬೆಣೆ ಕೆತ್ತಿ ತೂತುಗಳಿಗೆ ಬಡಿದ.

"ಗಟ್ಟಿ ಕೂತಿದೆಯಾ?" ಕೇಳಿದಳು.

"ನಮ್ಮಪ್ಪನ ಮಗ ನಾನು," ಅಂದ.

ಬುಧವಾರದಿಂದ ಅವನ ಮಾತೆಲ್ಲ ಹೀಗೇ ಇತ್ತು.

ಶನಿವಾರ ಪಿಕಪ್ಪಿನಲ್ಲಿ ಮರಿಗೆ ಹೇರಿಕೊಂಡು ಹೋದಾಗ ಎಮಿಲ್ ನಿಲ್ದಾಣದ ಅಂಗಳದಲ್ಲಿ ಕುರ್ಚಿ ಹಾಕಿಸುತ್ತಿದ್ದ.

"ನಿಮ್ಮ ಹೂಕುಂಡ ಯಾಕೆ ತಂದೆ?"

ವೆರ್ನಾ ಹೇಳಿದಳು. ಎಮಿಲ್ ಕೇಳುತ್ತ ಕೇಳುತ್ತ ಕುರ್ಚಿಯ ಮೇಲೆ ಕೂತ.

"ಕಾರ್ಡು ಇದೆ," ಅಂದ ಕೊನೆಗೆ.

"ಕಾರ್ಡು ನೀನೇ ಬರ್ದಿದ್ದಲ್ವಾ ಹೆಡ್ಮೇಷ್ಟ್ರೇ. ಇನ್ನೊಂದು ಬರಿ."

"ಅದಲ್ಲ ವೆರ್ನಾ. ಬಾಬಾಗೆ ಕಣ್ಣು ಸರಿಯಾಗಿ ಕಾಣಲ್ಲ. ಮರಿಗೆ ಅಂದ್ರೆ ಮರಿಗೆ. ಸಂತೋಷವಾಗಿ ನಾದಿ ಹೋಗ್ತಾರೆ. ನೀನು ಹೂಕುಂಡ ತಂದಿಟ್ಟು, ನಿಮ್ಮಮ್ಮಂದು ಇದೇ, ಇಷ್ಟು ವರ್ಷ ಮಣ್ಣು ತುಂಬಿದ್ವಿ ಅಂದ್ರೆ ಆ ಜೀವಕ್ಕೆ ಏನನ್ಸತ್ತೆ? ಒಳ್ಳೇದು ಮಾಡೋಕೆ ಹೋಗಿ ಕೊಲ್ತೀಯ."

ಇದು ಕಾರ್ಡಿನ ಮೇಲಿನ ಪ್ರೀತಿಯಿಂದ ಬಂದ ಮಾತೋ ಬಾಬಾ ಮೇಲಿನ ಪ್ರೀತಿಯಿಂದಲೋ ಹೇಳುವುದು ಕಷ್ಟ. ಆದರೆ ತೆಗೆದುಹಾಕುವ ಮಾತಾಗಿರಲಿಲ್ಲ. ವೆರ್ನಾಗೂ ಅದೇ ಭಯ.

"ಆಕೆ ಕೇಳಿದ್ದು ಒಂದೇ, ಎಮಿಲ್," ಅಂದಳು. "ಅದೂ ನಮ್ಮ ಮಾವಂದು ಕೊಟ್ಟು ಕಳಿಸ್ಲಾ?"

ಎಮಿಲ್ ಒಳಗೆ ಹೋಗಿ ಕಾರ್ಡು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು ಬಂದ. ಎರಡೂ ಮರಿಗೆಗಳನ್ನು ಹೊರಗೆ ವಿಲೋ ನೆರಳಲ್ಲಿ ಮರದ ಕಾಲುಗಳ ಮೇಲೆ ಪಕ್ಕಪಕ್ಕ ಇಡುವುದು, ಮಾತು ವೆರ್ನಾಳೇ ಆಡುವುದು ಎಂದಾಯಿತು. "ನಾನಂತೂ ಬಾಯಿ ಬಿಡಲ್ಲ," ಅಂದ ಎಮಿಲ್.

ಭಾನುವಾರ ಮಣ್ಣಿನ ಒಲೆಗೆ ಬೆಂಕಿ ಹಾಕುವ ಹೊತ್ತಿಗೆ ರೊಮಾನ್ಯುಕ್‌ರ ಮೊಮ್ಮಕ್ಕಳು, ಮರಿಮಕ್ಕಳು, ಅವರ ಮಕ್ಕಳು ನಿಲ್ದಾಣದ ಅಂಗಳ ತುಂಬಿದ್ದರು. ಮೇಜಿನ ಮೇಲೆ ಎಲೆಕೋಸಿನ ಸುರುಳಿ, ಬೀಟ್ರೂಟ್ ಸಾರು, ಸಾಸೇಜು. ಪಾತ್ರೆಗಳ ತಳದಲ್ಲಿ ಹೆಸರು. ಲರಿಸ್ಸಾ ಬಾಬಾರ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಹೂಬಟ್ಟೆಯ ತಲೆವಸ್ತ್ರ ಕಟ್ಟಿದ್ದ ಪುಟ್ಟ ಮುದುಕಿ, ಮಡಿಲಲ್ಲಿ ದೊಡ್ಡ ಎರಡು ಕೈ. ವೆರ್ನಾ ಬೆಳಗ್ಗೆಯಿಂದ ಒಪ್ಪಿಸಿಕೊಂಡಿದ್ದ ಮಾತನ್ನು ಗಂಟಲಲ್ಲಿಟ್ಟುಕೊಂಡು ಮುಂದೆ ಬಂದಳು.

ಲರಿಸ್ಸಾ ಕುರ್ಚಿಯನ್ನು ಚಂದದ ಮರಿಗೆಯ ಹತ್ತಿರ ನಿಲ್ಲಿಸಿದಳು. ಬಾಬಾ ಅಂಚಿನ ಉದ್ದಕ್ಕೂ ಅಂಗೈ ಸವರಿದರು.

"ಒಳ್ಳೆ ಕೆಲಸ. ಯಾರದು ಇದು?"

ವೆರ್ನಾ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ನೆಸ್ಟರ್ ಹೇಳಿದ: "ನಮ್ಮಪ್ಪ ಮಾಡಿದ್ದು ಬಾಬಾ. ಇಲಾರಿಯೋನ್."

"ಇಲಾರಿಯೋನಾ? ಅವನ ಕೈ ಚೆನ್ನಾಗಿತ್ತು," ಅಂದರು ಬಾಬಾ. "ಕುರ್ಚಿ ಮಾತ್ರ ಮಾಡಬಾರದಿತ್ತು. ನಮ್ಮ ಮನೇಲೊಂದಿತ್ತು, ಕೂತರೆ ಪ್ರಾರ್ಥನೆ ಮಾಡ್ಕೊಂಡೇ ಏಳಬೇಕು. ನಮ್ಮಮ್ಮಂದು ಎಲ್ಲಿ?"

ಕುರ್ಚಿ ಪಕ್ಕಕ್ಕೆ ಹೊರಳಿತು. ಬಾಬಾರ ಕೈ ಬಿರುಕಿನ ಮೇಲೆ ಬಂದು ನಿಂತಿತು. ಹೆಬ್ಬೆರಳು ಬಿರುಕಿನ ಗುಂಟ ಹೋಗಿ, ತುದಿಯಲ್ಲಿ ಒಂದು ಗಂಟು ಸಿಕ್ಕಿ ಅಲ್ಲೇ ಉಳಿಯಿತು. ಲರಿಸ್ಸಾ ಹಿಟ್ಟು ಸುರಿದಳು. ನೀರಿನ ತಂಬಿಗೆ ಬಗ್ಗಿಸಲು ಹೋದಾಗ ಬಾಬಾ ತಡೆದರು.

"ತಾಳು. ಮೊದಲು ಇದರ ಬಾಯಿ ಮುಚ್ಚಬೇಕು."

ಅಂಗೈಯಲ್ಲಿ ಚೂರು ಹಿಟ್ಟು, ಎರಡು ಹನಿ ನೀರು ಕಲಸಿ ಮುದ್ದೆ ಮಾಡಿ ಬಿರುಕಿನ ಉದ್ದಕ್ಕೂ ಒತ್ತಿದರು. ಕಣ್ಣು ಎಲ್ಲೋ ನೋಡುತ್ತಿತ್ತು, ಬೆರಳಿಗೆ ಮಾತ್ರ ದಾರಿ ಗೊತ್ತಿತ್ತು. "ಹಡಗಲ್ಲೇ ಒಡೆದಿತ್ತಂತೆ. ಅಮ್ಮ ಪ್ರತಿಸಲ ಹೀಗೇ ಮಾಡೋಳು. ಈಗ ಹಾಕು."

ಲರಿಸ್ಸಾ ನೀರು ಹಾಕಿದಳು. ಬಿರುಕು ಒಂದು ತೊಟ್ಟೂ ಬಿಡಲಿಲ್ಲ. ಬಿಟ್ಟದ್ದು ಇಲಾರಿಯೋನನ ಮಗನ ಬೆಣೆಗಳು. ನೀರು ನಾಲ್ಕು ಕಡೆಯಿಂದ ತೊಟ್ಟಿಕ್ಕಿ ಬಾಬಾರ ಬೂಟಿನ ಮೇಲೆ ಬಿತ್ತು.

ಬಾಬಾ ಬಗ್ಗಿ ತಳ ತಡವಿದರು. ಒಂದು, ಎರಡು, ಮೂರು, ನಾಲ್ಕು. ಬೆರಳಿಗೆ ಕೂದಲಿನಂಥ ಬೇರೊಂದು ಅಂಟಿಕೊಂಡು ಬಂತು.

"ಈ ತೂತು ನಮ್ಮವಲ್ಲ."

ಎಮಿಲ್ ಜೇಬಿನ ಮೇಲೆ ಕೈಯಿಟ್ಟುಕೊಂಡು ಒಲೆಯ ಕಡೆ ನೋಡತೊಡಗಿದ. ವೆರ್ನಾ ಒಪ್ಪಿಸಿಕೊಂಡಿದ್ದ ಮಾತಿನಲ್ಲಿ ಚರ್ಚು, ಟವೆಲು, ಉಗುರು ಬಣ್ಣ, ಕ್ಷಮೆ ಎಲ್ಲ ಕ್ರಮವಾಗಿ ಬರುತ್ತಿತ್ತು. ಈಗ ಒಂದೂ ನೆನಪಿಗೆ ಬರಲಿಲ್ಲ.

"ಹೂ ಹಾಕಿದ್ದೆ ಬಾಬಾ," ಅಂದಳು. "ನಮ್ಮದು ಅಂದ್ಕೊಂಡು. ಕೆಟ್ಟದ್ದು ಅಂದ್ರೆ ನಮ್ಮದೇ ಅಂತ."

"ಯಾವ ಹೂ?"

"ಪೆಟೂನಿಯಾ."

ಬಾಬಾ ಬೇರನ್ನು ಬೆರಳಲ್ಲಿ ಹೊಸಕಿದರು.

"ಚೆನ್ನಾಗಿ ಬಂತಾ?"

ವೆರ್ನಾ ಸುಳ್ಳು ಹೇಳಲಿಲ್ಲ. "ಊರಿಗೆಲ್ಲ ನಮ್ಮದೇ ಚೆನ್ನಾಗಿ ಬಂತು ಬಾಬಾ."

"ಮತ್ತೆ ನಿಂತು ನೋಡ್ತಿದ್ದೀಯಲ್ಲ. ನೀರೆಲ್ಲ ಹೋಗ್ತಿದೆ. ಕೆಳಗೆ ಹೋಗಿ ಬೆರಳಿಡು."

ವೆರ್ನಾ ಹುಲ್ಲಿನ ಮೇಲೆ ಅಂಗಾತ ಮಲಗಿ ಮರಿಗೆಯ ಕೆಳಗೆ ಸರಿದಳು. ಎರಡು ಕೈಯಲ್ಲಿ ಎರಡೆರಡು ತೂತು ಒತ್ತಿ ಹಿಡಿದಳು. ಮೇಲೆ ಬಾಬಾ ನಾದಲು ಶುರು ಮಾಡಿದರು. ಮೊದಲು ನಿಧಾನ, ಆಮೇಲೆ ಮರಿಗೆಯೇ ಅಲುಗುವಷ್ಟು ಜೋರು. ಹಳೆ ದೇಶದ ಹಾಡೊಂದು ಅರ್ಧ ಬಂತು, ಅರ್ಧ ಬರಲಿಲ್ಲ. ನಡುನಡುವೆ ಯಾರಿಗೋ ಬೈಗುಳ: "ಅಮ್ಮಾ, ನೀರು ಜಾಸ್ತಿ ಮಾಡಿದ್ರು ಇವ್ರು." ಹಿಟ್ಟಿನ ನೀರು ವೆರ್ನಾಳ ಮೊಣಕೈಯವರೆಗೆ ಇಳಿಯಿತು. ಮೂಗು ತುರಿಸಿತು, ಕೈ ಬಿಡುವಂತಿರಲಿಲ್ಲ.

"ಅಲ್ಲಿಂದ ಅಂಚು ಸಮ ಕಾಣತ್ತಾ?" ನೆಸ್ಟರ್ ಬಗ್ಗಿ ಕೇಳಿದ.

"ನಿನ್ನ ಬೆಣೆ ಕಾಣತ್ತೆ," ಅಂದಳು ವೆರ್ನಾ. "ನಿಮ್ಮಪ್ಪನ ಮಗ."

ಎಲ್ಲರೂ ಫೋಟೋ ತೆಗೆದುಕೊಂಡರು. ಆ ದಿನದ ಪ್ರತಿ ಫೋಟೋದಲ್ಲೂ ತೆಕ್ಲಾ ಬಾಬಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಗುತ್ತಿದ್ದಾರೆ. ಕೆಳಗಿಂದ ಎರಡು ಕಾಲು ಚಾಚಿಕೊಂಡಿವೆ, ಭಾನುವಾರಕ್ಕೆಂದು ತೆಗೆದಿಟ್ಟ ಒಳ್ಳೆ ಬೂಟು ಹಾಕಿದ್ದು.

ಬ್ರೆಡ್ಡು ಚೆನ್ನಾಗಿ ಬೆಂದಿತು. ಹಲ್ಲಿಗೆ ಒಂದೆರಡು ಕಡೆ ಮಣ್ಣಿನ ಹರಳು ಸಿಕ್ಕಿತು. ಸಿಕ್ಕಿದ್ದು ಎಮಿಲ್‌ಗೆ. ಅವನು ಅದನ್ನೂ ನುಂಗಿದ. ಬಾಬಾ ಸಂಜೆಗೆ ಮುಂಚೆಯೇ ಹೊರಟರು, ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು. ಕಾರಿನ ಕಿಟಕಿಯಿಂದ ವೆರ್ನಾಳನ್ನು ಕರೆದು ಹೇಳಿದರು: "ತೂತು ಮುಚ್ಚಿಸಬೇಡ. ಬಂದವರು ಕೇಳಿದ್ರೆ ಹೇಳೋಕೆ ನಿಂಗೊಂದು ಮಾತಿರಲಿ."

ಎಮಿಲ್ ಎರಡು ಹೊಸ ಕಾರ್ಡು ಬರೆದಿದ್ದಾನೆ. ಇಲಾರಿಯೋನ್ ಕೊಸ್ಟಿನಿಯುಕ್ ಮಾಡಿದ ಮರಿಗೆಗೆ ಟಿಕೆಟ್ ಕಿಟಕಿಯ ಹತ್ತಿರ ಜಾಗ ಕೊಟ್ಟಿದ್ದಾರೆ, ಬೇಡ ಅನ್ನುವ ಧೈರ್ಯ ಸಮಿತಿಯಲ್ಲಿ ಯಾರಿಗೂ ಇರಲಿಲ್ಲ. ಟೈರಿನಲ್ಲಿ ನೆಟ್ಟ ಪೆಟೂನಿಯಾ ಅರ್ಧ ಬಾಡಿದೆ. ಮುಂದಿನ ಭಾನುವಾರ ಮ್ಯೂಸಿಯಮ್ಮಿನಲ್ಲಿ ವೆರ್ನಾಳದೇ ಪಾಳಿ. ಹನ್ನೊಂದು ಗಂಟೆಗೆ ಬಾಗಿಲು ತೆಗೆಯುತ್ತಾಳೆ. ನೆಸ್ಟರ್ ಈ ಸಲ ಹಿಂದೆ ನಿಂತು ಕೇಳುತ್ತೇನೆ ಅಂದಿದ್ದಾನೆ.